ಗುಮ್ಮಟದ ಮೂವತ್ತು ಸಾವಿರ ಪ್ರೇಕ್ಷಕರನ್ನು ದಯಮಾಡಿ ನಮ್ಮೂರಿಗೂ ಕಳಿಸಿಕೊಡಿ

ಶ್ರೀ ಗ್ರೇಡನ್ ಪೈಕ್ ಅವರಿಗೆ,
ಆಯುಕ್ತರು, ಗ್ರೇಟ್ ರಿವರ್ಸ್ ಕಾಲೇಜು ಫುಟ್‌ಬಾಲ್ ಒಕ್ಕೂಟ

ಮಾನ್ಯರೇ,

ತಮಗೂ, ತಮ್ಮ ಕಚೇರಿಯ ಸಮಸ್ತ ಸಿಬ್ಬಂದಿಗೂ, ಕಳೆದ ಶುಕ್ರವಾರ ಹಾಸಿಗೆ ಕಂಪನಿಯ ಹೆಸರು ಹೊತ್ತ ಆ ಭವ್ಯ ಗುಮ್ಮಟ ಕ್ರೀಡಾಂಗಣದೊಳಗೆ ನಮ್ಮ ಚಾಂಪಿಯನ್‌ಷಿಪ್ ಪಂದ್ಯವನ್ನು ನೋಡಿದರೆಂದು ತಾವು ಪ್ರಕಟಿಸಿರುವ ಮೂವತ್ತು ಸಾವಿರ ಚಿಲ್ಲರೆ ಪ್ರೇಕ್ಷಕರಿಗೂ ಬೆಲ್ಡನ್ ಫಾಲ್ಸ್ ಊರಿನವರ ಪರವಾಗಿ ಗೌರವಪೂರ್ವಕ ವಂದನೆಗಳು. ತಮ್ಮನ್ನೂ ತಮ್ಮ ಸಿಬ್ಬಂದಿಯನ್ನೂ ನಾನು ಅಲ್ಲಿ ಕಣ್ಣಾರೆ ಕಂಡೆ. ಪ್ರೇಕ್ಷಕರನ್ನು ಕಾಣುವ ಭಾಗ್ಯ ಮಾತ್ರ ಒದಗಲಿಲ್ಲವಾದ್ದರಿಂದ ಅವರಿಗೆ ಸಲ್ಲಬೇಕಾದ ವಂದನೆಯನ್ನೂ ತಮ್ಮ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಅವರ ವಿಳಾಸ ತಮ್ಮೊಬ್ಬರಿಗೇ ಗೊತ್ತಿರುವಂತಿದೆ.

ನಾನು ಬೆಲ್ಡನ್ ಫಾಲ್ಸ್‌ನಲ್ಲಿ ಟೈರು ಅಂಗಡಿ ಇಟ್ಟುಕೊಂಡಿರುವವನು. ನಮ್ಮೂರ ಕಾಲೇಜು ತಂಡದ ಹೆಸರು ಕೊಕ್ಕರೆಗಳು ಎಂಬುದೂ, ಶನಿವಾರ ಕೊಕ್ಕರೆಗಳ ಪಂದ್ಯವಿದ್ದರೆ ಪಂಕ್ಚರಾದವರು ಸೋಮವಾರದವರೆಗೆ ಕಾಯಬೇಕೆಂಬುದೂ ಸುತ್ತಮುತ್ತಲ ಊರುಗಳಿಗೆಲ್ಲ ತಿಳಿದ ವಿಷಯ. ಈ ಪತ್ರವನ್ನು ನಮ್ಮ ವಾರಪತ್ರಿಕೆಯಲ್ಲಿ ಬಹಿರಂಗವಾಗಿ ಅಚ್ಚು ಹಾಕಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಜನವರಿಯಲ್ಲಿ ಒಕ್ಕೂಟದ ಕಾಲೇಜುಗಳ ಅಧ್ಯಕ್ಷರೆಲ್ಲ ಸಭೆ ಸೇರುವ ಮುನ್ನ ಅವರ ಕಣ್ಣಿಗೂ ಇದು ಬೀಳಲಿ ಎಂಬ ಆಸೆ.

ಮೊದಲಿಗೆ, ತಾವು ನಮಗೆ ಮಾಡಿರುವ ಉಪಕಾರವನ್ನು ನೆನೆಯಬೇಕು. ಮೂರು ವರ್ಷದ ಹಿಂದಿನವರೆಗೆ ಒಕ್ಕೂಟದ ಚಾಂಪಿಯನ್‌ಷಿಪ್ ಪಂದ್ಯವು ಆ ವರ್ಷ ಹೆಚ್ಚು ಗೆದ್ದ ತಂಡದ ಊರಿನಲ್ಲೇ, ಬಯಲಿನಲ್ಲಿ, ಗಾಳಿಗೆ ಮೈಯೊಡ್ಡಿ, ಕೂತರೆ ಅಂಟಿಕೊಳ್ಳುವಷ್ಟು ತಣ್ಣಗಿನ ಲೋಹದ ಬೆಂಚುಗಳ ಮೇಲೆ ನಡೆಯುತ್ತಿತ್ತು. ಬೆಳಿಗ್ಗೆಯಿಂದಲೇ ಜನ ಮೈದಾನದ ಹೊರಗೆ ತಮ್ಮ ಪಿಕಪ್ ಗಾಡಿಗಳ ಹಿಂಬಾಗಿಲು ಇಳಿಸಿ, ಕೆಂಡದ ಮೇಲೆ ಮಾಂಸ ಸುಡುತ್ತಾ, ಎದುರು ತಂಡದವರಿಗೂ ತಿನ್ನಲು ಕೊಟ್ಟು ಅವರನ್ನೇ ಹಂಗಿಸುತ್ತಾ ಇರುತ್ತಿದ್ದರು. ಇಂಥ ಒರಟು ಬದುಕಿನಿಂದ ನಮ್ಮನ್ನು ಬಿಡಿಸಿ, ಒಕ್ಕೂಟದ ಯಾವ ಕಾಲೇಜಿಗೂ ಹತ್ತಿರವಲ್ಲದ ಮಹಾನಗರವೊಂದರ ಗುಮ್ಮಟಕ್ಕೆ ತಾವು ಪಂದ್ಯವನ್ನು ಸಾಗಿಸಿದಿರಿ. ಒಬ್ಬರಿಗೆ ಹತ್ತಿರ, ಇನ್ನೊಬ್ಬರಿಗೆ ದೂರ ಎಂಬ ತಾರತಮ್ಯವನ್ನು ತೊಡೆದುಹಾಕಿ ಎಲ್ಲರಿಗೂ ದೂರ ಮಾಡಿದ ತಮ್ಮ ಸಮದೃಷ್ಟಿಯನ್ನು ಮೆಚ್ಚದವರಿಲ್ಲ. ಟಿವಿಯವರಿಗೆ ಅನುಕೂಲವಾಗಲೆಂದು ಶನಿವಾರವನ್ನು ಬಿಟ್ಟು, ಜನರೆಲ್ಲ ಕೆಲಸದಲ್ಲಿರುವ ಶುಕ್ರವಾರ ಮಧ್ಯಾಹ್ನವನ್ನು ಆರಿಸಿದ್ದು ಇನ್ನೂ ದೊಡ್ಡ ದೂರದೃಷ್ಟಿ.

ನಮ್ಮ ತಕರಾರು, ಅದನ್ನು ತಕರಾರು ಎನ್ನಬಹುದಾದರೆ, ಒಬ್ಬ ವ್ಯಕ್ತಿಯಿಂದ ಶುರುವಾಗುತ್ತದೆ. ಅವರ ಹೆಸರು ವರ್ಜಿಲ್ ನೈಗಾರ್ಡ್. ಎಂಬತ್ತು ದಾಟಿದ ಈ ಹಿರಿಯರು ನಮ್ಮೂರ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿ ಬಹುಕಾಲ ಗಾಡಿ ಓಡಿಸಿದವರು. ಆ ಹಳೆಯ ಕೆಂಪು ಗಾಡಿಯೂ ಅವರ ಜೊತೆಗೇ ನಿವೃತ್ತವಾಗಿ, ಮೈದಾನದ ಉತ್ತರ ತುದಿಯ ಗೋಲಿನ ಹಿಂದೆ ನಿಂತಿದೆ. ಕೊಕ್ಕರೆಗಳು ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಗಳಿಸಿದಾಗಲೆಲ್ಲ ವರ್ಜಿಲ್ ಅದರ ಸೈರನ್ ಕೂಗಿಸುತ್ತಾರೆ. ಆದರೆ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಅವರು ನಮ್ಮೂರಲ್ಲಿ ಸೈರನ್ ಕೂಗಿಸಿದ್ದೇ ಇಲ್ಲ. ನಾವು ಅಲ್ಲಿಯವರೆಗೆ ತಲುಪಿದ ಕೆಲವೇ ವರ್ಷಗಳಲ್ಲೂ ಎದುರಾಳಿಗಳೇ ಹೆಚ್ಚು ಗೆದ್ದವರಾಗಿದ್ದರಿಂದ ಪಂದ್ಯ ಅವರೂರಿಗೇ ಹೋಗುತ್ತಿತ್ತು. ಈ ವರ್ಷ ಕೊಕ್ಕರೆಗಳೇ ಎಲ್ಲರಿಗಿಂತ ಹೆಚ್ಚು ಗೆದ್ದರು. ಹಳೆಯ ಪದ್ಧತಿಯೇ ಇದ್ದಿದ್ದರೆ ಪಂದ್ಯ ನಮ್ಮ ಅಂಗಳಕ್ಕೇ ಬರುತ್ತಿತ್ತು. ವರ್ಜಿಲ್ ಗೊಣಗುವ ಜಾತಿಯವರಲ್ಲ. ನನ್ನ ಅಂಗಡಿಗೆ ಬಂದು, “ಗಾಡಿಗೆ ಬ್ಯಾಟರಿ ಹೊಸದು ಹಾಕಿಸಿದ್ದೆ ಕಣಯ್ಯ. ಹೋಗ್ಲಿ ಬಿಡು, ಚಳೀಲಿ ಅದಕ್ಕೂ ಕಷ್ಟ,” ಎಂದಷ್ಟೇ ಹೇಳಿ ಹೋದರು.

ಗುಮ್ಮಟದ ಜೊತೆಗಿನ ಒಪ್ಪಂದ ಈ ವರ್ಷಕ್ಕೆ ಮುಗಿಯುತ್ತದೆಂದೂ, ಪ್ರೇಕ್ಷಕರ ಸಂಖ್ಯೆ ಮೂವತ್ತು ಸಾವಿರ ದಾಟಿದರೆ ಅದನ್ನು ಇನ್ನೈದು ವರ್ಷ ಮುಂದುವರಿಸಲು ಅಧ್ಯಕ್ಷರ ಸಭೆಗೆ ಶಿಫಾರಸು ಮಾಡುವುದಾಗಿಯೂ, ದಾಟದಿದ್ದರೆ ಪಂದ್ಯ ಮತ್ತೆ ಕಾಲೇಜುಗಳ ಊರಿಗೇ ಮರಳುವುದೆಂದೂ ತಾವೇ ಪತ್ರಕರ್ತರ ಮುಂದೆ ಹೇಳಿದ್ದಿರಿ. ಇದನ್ನು ಓದಿದ ಮೇಲೆ ನಮ್ಮೂರಿಗೆ ಬಂದ ಧರ್ಮಸಂಕಟವನ್ನು ತಾವು ಊಹಿಸಬಲ್ಲಿರಿ. ಹೋದರೆ ಗುಮ್ಮಟ ಉಳಿಯುತ್ತದೆ. ಹೋಗದಿದ್ದರೆ ನಮ್ಮ ಹುಡುಗರು ಖಾಲಿ ಕುರ್ಚಿಗಳೆದುರು ಆಡಬೇಕಾಗುತ್ತದೆ. ಚರ್ಚಿನ ನೆಲಮಾಳಿಗೆಯಲ್ಲಿ, ಚಿಲಿ ಸಾರು ಮತ್ತು ದಾಲ್ಚಿನ್ನಿ ರೋಲ್‌ಗಳ ಎದುರು, ಸಭೆ ಸೇರಿತು. ಚರ್ಚಿನ ಅಡುಗೆಮನೆಯನ್ನೂ ನಮ್ಮೂರ ಅಭಿಪ್ರಾಯವನ್ನೂ ಬಹುಕಾಲದಿಂದ ನಡೆಸಿಕೊಂಡು ಬಂದಿರುವ ಫಿಲಿಸ್ ಆಮೋಟ್ ಎದ್ದು, “ಯಾರೂ ಹೋಗೋದೇ ಬೇಡ. ಖಾಲಿ ಕುರ್ಚಿ ನೋಡ್ಲಿ, ತಾನಾಗೇ ಬುದ್ಧಿ ಬರುತ್ತೆ,” ಎಂದರು.

“ಬುದ್ಧಿ ಬರಬೇಕಾಗಿರೋದು ದೊಡ್ಡೋರಿಗೆ, ಶಿಕ್ಷೆ ಹುಡುಗರಿಗಾ?” ಎಂದು ವರ್ಜಿಲ್ ಕೂತಲ್ಲಿಂದಲೇ ಕೇಳಿದರು.

“ಹಾಗಾದ್ರೆ ನೀನೇ ಹೋಗಿ ತುಂಬಿಸಿ ಬಾ. ಇನ್ನೈದು ವರ್ಷ ಅಲ್ಲೇ ಆಡಿಸ್ತಾರೆ. ಅಷ್ಟೊತ್ತಿಗೆ ನಿನಗೆಷ್ಟಾಗಿರುತ್ತೆ ವಯಸ್ಸು?”

“ನಿನಗಿಂತ ಎರಡೇ ವರ್ಷ ಜಾಸ್ತಿ ಫಿಲಿಸ್, ಈಗಿನ ಹಾಗೇ.”

ಕೊನೆಗೆ ಒಂದು ಮಧ್ಯದ ದಾರಿ ಸಿಕ್ಕಿತು, ಅದನ್ನು ಸೂಚಿಸಿದವನು ನಾನೇ. ಎಲ್ಲರೂ ಹೋಗುವುದು, ಹೋಗಿ ಹುಡುಗರಿಗೆ ಗಂಟಲು ಕಟ್ಟುವಂತೆ ಕೂಗುವುದು, ಆದರೆ ಒಬ್ಬರ ಪಕ್ಕ ಇನ್ನೊಬ್ಬರು ಕೂರದೆ, ಬಿತ್ತನೆಯ ಜೋಳದ ಹಾಗೆ ಇಡೀ ಗುಮ್ಮಟದಲ್ಲಿ ಚದುರಿ ಕೂರುವುದು. ಆಗ ಆಟಗಾರರಿಗೆ ಯಾವ ದಿಕ್ಕಿಗೆ ನೋಡಿದರೂ ನಮ್ಮವರೊಬ್ಬರು ಕಾಣುತ್ತಾರೆ, ಟಿವಿಗೆ ಮಾತ್ರ ಕುರ್ಚಿಗಳೇ ಕಾಣುತ್ತವೆ. ಇಷ್ಟು ಒಳ್ಳೆಯ ಉಪಾಯ ನಮ್ಮ ನೆಲಮಾಳಿಗೆಯಲ್ಲಿ ಹಿಂದೆಂದೂ ಹೊಳೆದಿರಲಿಲ್ಲ.

ಗುರುವಾರವೇ ಬಸ್ಸು ಹತ್ತಿ ಬಂದೆವು. ತಮ್ಮ ಬಾಗಿಲಲ್ಲಿ ನಡೆದ ತಪಾಸಣೆಯ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. ಒಳಗಿರುವುದೆಲ್ಲ ಕಾಣುವಂಥ ಪ್ಲಾಸ್ಟಿಕ್ ಚೀಲ ಮಾತ್ರ ತರಬೇಕು, ಹೊರಗಿನ ತಿಂಡಿ ತರಬಾರದು ಎಂಬ ತಮ್ಮ ನಿಯಮದಂತೆ ಫಿಲಿಸ್ ಅವರ ದಾಲ್ಚಿನ್ನಿ ರೋಲ್‌ಗಳನ್ನು ತಡೆದು ಬಸ್ಸಿಗೆ ವಾಪಸು ಕಳಿಸಲಾಯಿತು. ಅವರ ಹಿಂದೆ ವರ್ಜಿಲ್ ಇದ್ದರು. ಗಾಡಿಯನ್ನು ತರಲಾಗದ ಕಾರಣ ಅವರು ಅಗ್ನಿಶಾಮಕ ದಳದ ಹಳೆಯ ಕೈಸೈರನ್ನನ್ನು, ಹಿಡಿ ತಿರುಗಿಸಿದರೆ ಊರೆಬ್ಬಿಸುವ ಆ ಕಬ್ಬಿಣದ ಯಂತ್ರವನ್ನು, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎದೆಗವಚಿಕೊಂಡು ಬಂದಿದ್ದರು. “ಇದೇನ್ ಸಾರ್, ತಿನ್ನೋದಾ?” ಎಂದು ಬಾಗಿಲಿನವರು ಕೇಳಿದರು. “ಹಲ್ಲು ಗಟ್ಟಿಯಿದ್ದೋರು ನೋಡಬಹುದು,” ಎಂದರು ವರ್ಜಿಲ್. ಚೀಲದೊಳಗಿದ್ದದ್ದು ಚೆನ್ನಾಗಿ ಕಾಣುತ್ತಿತ್ತು, ತಿಂಡಿಯಲ್ಲವೆಂಬುದೂ ಖಚಿತವಾಯಿತು. ನಿಯಮ ಪಾಲನೆಯಾಗಿತ್ತು, ಆದ್ದರಿಂದ ಸೈರನ್ ಒಳಗೆ ಹೋಯಿತು.

ಯೋಜನೆಯಂತೆ ಎಲ್ಲರೂ ಚದುರಿ ಕೂತೆವು. ನನ್ನ ಸುತ್ತ ಎಷ್ಟು ಜಾಗವಿತ್ತೆಂದರೆ ಕಾಲಿಗೊಂದು, ಕೋಟಿಗೊಂದು, ಟೋಪಿಗೊಂದು ಕುರ್ಚಿ ಕೊಟ್ಟ ಮೇಲೂ ಅತಿಥಿಗಳು ಬಂದರೆ ಕೂರಿಸುವಷ್ಟು ಉಳಿದಿತ್ತು. ಎದುರು ತಂಡವಾದ ಕಮ್ಮಾರರ ಊರಿನವರು ಆಚೆ ಬದಿಯಲ್ಲಿ ಒಂದು ಗುಂಪಾಗಿದ್ದರು. ಕೈ ಬೀಸಿದರು, ನಾವೂ ಬೀಸಿದೆವು. ಇಂಥ ಜಾಗದಲ್ಲಿ ಎದುರಾಳಿಗಳನ್ನು ಕಂಡರೂ ನೆಂಟರನ್ನು ಕಂಡಷ್ಟು ಸಂತೋಷವಾಗುತ್ತದೆ.

ಆಗ ತಾವು ಕರ್ಟಿಸ್ ಪೆಟಿಗ್ರೂ ಅವರನ್ನು ಕಳಿಸಿದಿರಿ.

ಕರ್ಟಿಸ್ ತಮ್ಮ ಗುಮ್ಮಟದಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವವರು; ನಡುವಯಸ್ಸಿನ, ಮೃದುವಾದ ಮನುಷ್ಯ. ತಾವು ಒಬ್ಬ ಒರಟನನ್ನು ಕಳಿಸಿದ್ದರೆ ನಮ್ಮ ಉಪಾಯ ಗೆಲ್ಲುತ್ತಿತ್ತು. ನಮ್ಮ ಊರಿನವರು ಅಬ್ಬರಿಸಿ ಹೇಳಿದವರ ಮಾತನ್ನು ಎಂದೂ ಕೇಳಿದವರಲ್ಲ. ಆದರೆ ಕರ್ಟಿಸ್ ಟೋಪಿ ತೆಗೆದು ಫಿಲಿಸ್ ಅವರ ಮುಂದೆ ನಿಂತು, “ಅಮ್ಮಾ, ತೊಂದರೆ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡಿ. ಆಗುತ್ತೆ ಅಂದ್ರೆ ಮಾತ್ರ, ಸ್ವಲ್ಪ ಆ ಮಧ್ಯದ ಕಡೆ ಬಂದು ಕೂತ್ಕೋತೀರಾ? ಕ್ಯಾಮೆರಾಗೆ ಖಾಲಿ ಕಾಣ್ತಿದೆಯಂತೆ,” ಎಂದು ಕೇಳಿದರು. ಇಂಥ ಪ್ರಶ್ನೆಗೆ ಇಲ್ಲವೆನ್ನುವುದನ್ನು ನಮ್ಮ ಪ್ರಾಂತ್ಯದಲ್ಲಿ ಯಾರಿಗೂ ಕಲಿಸಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ‘ಆಗಲ್ಲ’ ಎನ್ನುವುದನ್ನು ಅಭ್ಯಾಸ ಮಾಡಿಕೊಂಡು ಬಂದಿದ್ದ ಫಿಲಿಸ್, “ಅಯ್ಯೋ, ಅದರಲ್ಲೇನಿದೆ, ಬಂದೆ ಇರಪ್ಪ,” ಎಂದು ಎದ್ದೇಬಿಟ್ಟರು. ಅವರು ಎದ್ದದ್ದನ್ನು ಕಂಡು ನಾವೆಲ್ಲ ಎದ್ದೆವು. ಊರಿಗೆ ಊರೇ ಮಧ್ಯಕ್ಕೆ ಬಂದು ಒತ್ತೊತ್ತಾಗಿ ಕೂತಿತು.

ಚೆಂಡು ಎಡ ತುದಿಗೆ ಹೋದಾಗ ಕ್ಯಾಮೆರಾ ಎಡಕ್ಕೆ ತಿರುಗಿತು. ಕರ್ಟಿಸ್ ಮತ್ತೆ ಬಂದರು. “ಇನ್ನೊಂದೇ ಸಲ, ಅಮ್ಮಾ.” “ಪರವಾಗಿಲ್ಲಪ್ಪ, ಹೇಗೂ ಡಾಕ್ಟರು ದಿನಾ ನಡೀರಿ ಅಂದಿದಾರೆ.” ಎರಡನೇ ಕ್ವಾರ್ಟರ್‌ನಲ್ಲಿ ಬಲ ತುದಿಗೆ. ಮೂರನೆಯದರಲ್ಲಿ ಮೇಲಿನ ಅಂತಸ್ತಿಗೆ. ಅಲ್ಲಿಗೆ ಹೋದರೆ ಕಮ್ಮಾರರ ಊರಿನವರನ್ನೂ ಅಷ್ಟೇ ಮರ್ಯಾದೆಯಿಂದ ಎಬ್ಬಿಸಿ ತಂದು ನಮ್ಮ ಪಕ್ಕದಲ್ಲೇ ಕೂರಿಸಿದ್ದರು. ಅವರೂ ನಮ್ಮಂಥವರೇ, ಪಾಪ, ಅವರಿಗೂ ಇಲ್ಲವೆನ್ನಲು ಬಂದಿರಲಿಲ್ಲ. “ನಿಮ್ಮನ್ನ ಎಷ್ಟು ಸಲ ಎಬ್ಬಿಸಿದ್ರು?” ಎಂದು ಅವರಲ್ಲೊಬ್ಬರು ಕೇಳಿದರು. “ನಿಮ್ಮ ತಂಡ ಚೆಂಡು ಬಿಟ್ಟುಕೊಟ್ಟಷ್ಟು ಸಲ,” ಎಂದರು ವರ್ಜಿಲ್. ಹೀಗೆ ಎರಡು ಊರುಗಳ ಜನ ಸೇರಿ, ಕಂಬಳಿ ಬುತ್ತಿ ಹೊತ್ತ ಗುಳೆಯವರ ಹಾಗೆ, ತಮ್ಮ ಗುಮ್ಮಟವನ್ನು ಮೂಲೆಯಿಂದ ಮೂಲೆಗೆ ತುಂಬಿಸಿದೆವು, ಒಂದು ಸಲಕ್ಕೆ ಒಂದು ಮೂಲೆಯಂತೆ.

ಸೈರನ್ ವಿಷಯದಲ್ಲೂ ಹೀಗೇ ಆಯಿತು. ನಮ್ಮ ಮೊದಲ ಟಚ್‌ಡೌನ್ ಆದಾಗ ವರ್ಜಿಲ್ ಅಭ್ಯಾಸಬಲದಿಂದ ಹಿಡಿ ತಿರುಗಿಸಿದರು. ಗುಮ್ಮಟದ ಗುಣ ತಮಗೆ ಗೊತ್ತೇ ಇದೆ; ಒಂದು ಸಲ ಕೂಗಿದರೆ ಏಳು ಸಲ ವಾಪಸು ಬರುತ್ತದೆ. ಆ ಸದ್ದಿಗೆ ಟಿವಿಯಲ್ಲಿ ಮಾತಾಡುತ್ತಿದ್ದವರು ‘ಜನಸಾಗರದ ಭೋರ್ಗರೆತ’ ಎಂದರಂತೆ. ಇದನ್ನು ನನಗೆ ಹೇಳಿದವಳು ಊರಲ್ಲೇ ಉಳಿದು ಪಂದ್ಯ ನೋಡಿದ ನನ್ನ ಹೆಂಡತಿ. ನಾನು ಮನೆಗೆ ಬಂದು ಬಾಗಿಲು ದಾಟುವ ಮೊದಲೇ, “ಅಬ್ಬಾ, ಏನ್ ಜನ ರೀ ಅಲ್ಲಿ. ಎಲ್ಲಿ ತೋರಿಸಿದ್ರೂ ಕಾಲಿಡೋಕೆ ಜಾಗ ಇರ್ಲಿಲ್ಲ. ನಿಮಗೆ ಕೂರೋಕಾದ್ರೂ ಸಿಕ್ತಾ?” ಎಂದು ಕೇಳಿದಳು. ಆಯುಕ್ತರೇ, ಮದುವೆಯಾದಂದಿನಿಂದ ಅವಳಿಗೆ ನಿಜವನ್ನೇ ಹೇಳಿಕೊಂಡು ಬಂದಿದ್ದೇನೆ, ಈಗ ಟಿವಿಯನ್ನು ನಂಬುತ್ತಿದ್ದಾಳೆ.

ಪಂದ್ಯವನ್ನು ಕೊಕ್ಕರೆಗಳೇ ಗೆದ್ದರು, ಕೊನೆಯ ಗಳಿಗೆಯಲ್ಲಿ, ತಾವೂ ನೋಡಿದಿರಿ. ಗೆದ್ದ ಮೇಲೆ ಹುಡುಗರು ಊರಿನವರ ಮುಂದೆ ಬಂದು ಕಾಲೇಜಿನ ಹಾಡು ಹಾಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಅವರು ಹೆಲ್ಮೆಟ್ ಎತ್ತಿ ಹಿಡಿದು ಓಡಿದರು, ಆದರೆ ಎರಡನೇ ಕ್ವಾರ್ಟರ್‌ನಲ್ಲಿ ನಾವು ಕೂತಿದ್ದ ಬಲ ತುದಿಗೆ. ಅಲ್ಲಿ ಖಾಲಿ ಕುರ್ಚಿಗಳನ್ನು ಕಂಡು ಗಕ್ಕನೆ ನಿಂತು, ಕಳೆದುಹೋದ ಕರುಗಳ ಹಾಗೆ ಸುತ್ತ ನೋಡಿದರು. ಆ ನೋಟ ಮಾತ್ರ ನನಗೆ ನಗು ತರಿಸಲಿಲ್ಲ. ವರ್ಜಿಲ್ ಸೈರನ್ ತಿರುಗಿಸಿದರು. ಏಳು ದಿಕ್ಕಿನಿಂದ ಬಂದ ಸದ್ದಿನಲ್ಲಿ ನಿಜವಾದದ್ದು ಯಾವುದೆಂದು ಹುಡುಕಿಕೊಂಡು ಹುಡುಗರು ನಮ್ಮ ಬಳಿ ಬರುವ ಹೊತ್ತಿಗೆ ಹಾಡಿನ ಅರ್ಧವನ್ನು ಕಾಲೇಜಿನ ಬ್ಯಾಂಡಿನವರು ಮುಗಿಸಿದ್ದರು.

ಎಲ್ಲ ಮುಗಿದ ಮೇಲೆ ಕರ್ಟಿಸ್ ನಮ್ಮ ಬಸ್ಸಿನವರೆಗೂ ಬಂದರು. ಕರ್ಟಿಸ್ ಕೈಗೆ ಫಿಲಿಸ್ ದಾಲ್ಚಿನ್ನಿ ರೋಲ್ ಕೊಟ್ಟು, ಬೇಡವೆಂದಾಗ ಇನ್ನೊಂದು ಕೊಟ್ಟರು. ಕರ್ಟಿಸ್ ತಿನ್ನುತ್ತಾ ಸೈರನ್ ನೋಡಿ, “ತಾತ, ಇದನ್ನ ಬಯಲಲ್ಲಿ ಕೇಳಿದ್ರೆ ಹೇಗಿರುತ್ತೆ?” ಎಂದರು.

“ಇದು ಮರಿ ಕಣಪ್ಪ. ತಾಯಿ ಊರಲ್ಲಿ ಗಾಡಿ ಮೇಲಿದೆ. ಇಲ್ಲಿ ಕೂಗಿಸಿದ್ದು ಇಲ್ಲೇ ಸುತ್ತುತ್ತೆ. ಅಲ್ಲಿ ಕೂಗಿಸಿದ್ರೆ ನದಿ ಆಚೆ ದನಗಳೂ ತಲೆ ಎತ್ತುತ್ತವೆ.”

“ಕೇಳ್ಬೇಕಲ್ಲ ಹಾಗಾದ್ರೆ.”

“ಕೇಳೋಕೆ ಅಲ್ಲಿ ಪಂದ್ಯ ಆಗ್ಬೇಕಲ್ಲಪ್ಪ,” ಎಂದು ವರ್ಜಿಲ್ ಬಸ್ಸು ಹತ್ತಿದರು. ದಾರಿಯಲ್ಲಿ ಯಾರೋ ಫೋನು ನೋಡಿ, ತಾವು ಪ್ರಕಟಿಸಿದ ಸಂಖ್ಯೆ ಮೂವತ್ತು ಸಾವಿರವನ್ನು ಕೂದಲೆಳೆಯಲ್ಲಿ ದಾಟಿದೆಯೆಂದು ಓದಿ ಹೇಳಿದರು. ಗೆದ್ದು ಬರುತ್ತಿದ್ದ ಬಸ್ಸು ಸ್ವಲ್ಪ ಹೊತ್ತು ಸೋತು ಬರುತ್ತಿದ್ದ ಬಸ್ಸಿನ ಹಾಗಿತ್ತು.

ಮಾನ್ಯರೇ, ಆ ಸಂಖ್ಯೆಯನ್ನು ನಾನು ಪ್ರಶ್ನಿಸುವುದಿಲ್ಲ. ಹಂಚಿದ ಟಿಕೇಟುಗಳನ್ನೆಲ್ಲ ಬಂದ ಜನವೆಂದೇ ಎಣಿಸುವುದು ಒಕ್ಕೂಟದ ಪದ್ಧತಿಯೆಂದು ತಮ್ಮ ಕಚೇರಿಯವರು ಪತ್ರಿಕೆಗೆ ತಿಳಿಸಿದ್ದಾರೆ. ಹಾಸಿಗೆ ಕಂಪನಿಯವರು ಹಾಸಿಗೆಗೊಂದರಂತೆ ಟಿಕೇಟು ಉಚಿತವಾಗಿ ಹಂಚಿದ್ದರಂತೆ; ಕೊಂಡವರು ಹಾಸಿಗೆಯನ್ನು ಬಳಸಿದರು, ಟಿಕೇಟನ್ನು ಬಳಸಲಿಲ್ಲ, ಅದು ಅವರ ಇಷ್ಟ. ನಿಜ ಹೇಳಬೇಕೆಂದರೆ ಆ ಕಾಣದ ಪ್ರೇಕ್ಷಕರ ಬಗ್ಗೆ ನನಗೆ ಅಪಾರ ಗೌರವ ಹುಟ್ಟಿದೆ. ಅವರು ಎದ್ದು ನಿಂತು ಹಿಂದಿನವರಿಗೆ ಅಡ್ಡ ಬರುವುದಿಲ್ಲ. ಬಿಯರ್ ಚೆಲ್ಲುವುದಿಲ್ಲ, ರೆಫರಿಯನ್ನು ಬೈಯುವುದಿಲ್ಲ, ಶೌಚಾಲಯದ ಮುಂದೆ ಸಾಲು ಹಚ್ಚುವುದಿಲ್ಲ. ಸೋತರೂ ಅರ್ಧದಲ್ಲಿ ಎದ್ದು ಹೋಗುವುದಿಲ್ಲ. ಇಂಥ ಅಭಿಮಾನಿಗಳನ್ನು ಪಡೆಯಲು ಯಾವ ತಂಡಕ್ಕಾದರೂ ಪುಣ್ಯ ಬೇಕು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮುಂದಿನ ವರ್ಷದ ಪಂದ್ಯವನ್ನು ಹೆಚ್ಚು ಗೆದ್ದವರ ಊರಿಗೇ ಕೊಟ್ಟು, ಆ ಮೂವತ್ತು ಸಾವಿರ ಮಂದಿಯನ್ನೂ ಅಲ್ಲಿಗೇ ಕಳಿಸಿಕೊಡಿ. ಅದು ನಮ್ಮೂರಾದರೂ ಮೈದಾನ ಚಿಕ್ಕದೆಂಬ ಆತಂಕ ಬೇಡ. ಗುಮ್ಮಟದಲ್ಲಿ ಅವರು ಹಿಡಿದಷ್ಟೇ ಜಾಗವನ್ನು ನಮ್ಮಲ್ಲಿಯೂ ಹಿಡಿಯುತ್ತಾರೆ, ಅಷ್ಟು ಜಾಗ ನಮ್ಮಲ್ಲಿ ಧಾರಾಳವಾಗಿದೆ. ಅವರೆಲ್ಲರಿಗೂ ಚಿಲಿ ಸಾರು ಬಡಿಸುವುದಾಗಿ ಫಿಲಿಸ್ ಮಾತು ಕೊಟ್ಟಿದ್ದಾರೆ, ಸಾಮಾನ್ಯ ಪಾತ್ರೆಯಲ್ಲೇ ಆಗುತ್ತದಂತೆ. ಅವರು ಬೆಂಚುಗಳಲ್ಲಿ ಕೂತರೆ, ಅವರ ಮಡಿಲಲ್ಲಿ ನಾವು ಕೂರುತ್ತೇವೆ. ತಮ್ಮ ಸಂಖ್ಯೆಗೆ ಕುಂದಿಲ್ಲ, ನಮ್ಮ ಹುಡುಗರು ಯಾವ ಕಡೆ ಓಡಬೇಕೆಂದು ಹುಡುಕಬೇಕಾಗಿಲ್ಲ, ವರ್ಜಿಲ್ ಅವರ ಹೊಸ ಬ್ಯಾಟರಿಯೂ ದಂಡವಾಗುವುದಿಲ್ಲ.

ಇದು ಆಗದ ಮಾತಾದರೆ, ಜನವರಿಯ ಸಭೆಯಲ್ಲಿ ಅಧ್ಯಕ್ಷರುಗಳಿಗೆ ಸಂಖ್ಯೆಯ ಬದಲು ಪಂದ್ಯದ ಚಿತ್ರೀಕರಣವನ್ನು ಪೂರ್ತಿ ತೋರಿಸಿ, ಜನರ ಮುಖಗಳನ್ನು ಮಾತ್ರ ನೋಡಿ ಎಂದು ಹೇಳಿ. ಅಷ್ಟು ಸಾಕು. ತಾವು ಇದಕ್ಕೆ ಒಪ್ಪುವಿರೆಂದು ನಂಬಿದ್ದೇನೆ, ಏಕೆಂದರೆ ಕರ್ಟಿಸ್ ಅವರಿಂದ ಕಲಿತಂತೆ ನಾನೂ ಟೋಪಿ ತೆಗೆದು ಕೇಳುತ್ತಿದ್ದೇನೆ: ತೊಂದರೆ ಕೊಡುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ, ಆಗುತ್ತದೆಂದರೆ ಮಾತ್ರ, ಪಂದ್ಯವನ್ನು ಸ್ವಲ್ಪ ಈ ಕಡೆ ತಂದು ಕೂರಿಸುತ್ತೀರಾ?

ಕರೆದ ಕಡೆಗೆಲ್ಲ ಎದ್ದು ಬಂದ, ಮುಂದೆಯೂ ಬರಲಿರುವ,
ತಮ್ಮ ವಿಶ್ವಾಸಿ,
ಆರ್ವಿಲ್ ಟೆಸ್ಕೆ
ಬೆಲ್ಡನ್ ಫಾಲ್ಸ್

ಮರೆತ ಮಾತು: ‘ತುಂಬಿದ ಗುಮ್ಮಟಕ್ಕೆ ಧನ್ಯವಾದ’ ಎಂಬ ತಲೆಬರಹದಲ್ಲಿ ತಾವು ಪತ್ರಿಕೆಗಳಿಗೆ ಕೊಟ್ಟಿರುವ ಅಗಲವಾದ ಫೋಟೋ ತಲುಪಿತು. ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಚಿತ್ರಗಳನ್ನು ಅಂದವಾಗಿ ಹೊಲಿದಿದ್ದಾರೆ. ಫಿಲಿಸ್ ಅಂದು ಸ್ವಂತ ಕೈಯಿಂದ ಹೆಣೆದ, ಗೇಣುದ್ದದ ಹಳದಿ ಕೊಕ್ಕು ಮುಂದೆ ಚಾಚಿದ ಕೊಕ್ಕರೆ ಟೋಪಿ ಹಾಕಿಕೊಂಡಿದ್ದರು. ಅಂಥ ಟೋಪಿ ಜಗತ್ತಿನಲ್ಲಿ ಒಂದೇ ಇರುವುದು. ತಮ್ಮ ಫೋಟೋದಲ್ಲಿ ಅದು ನಾಲ್ಕು ಕಡೆ ಇದೆ. ಎಡಗಡೆಯ ಫಿಲಿಸ್ ಕೂಗುತ್ತಿದ್ದಾರೆ, ನಡುವಿನ ಫಿಲಿಸ್ ಕನ್ನಡಕ ಒರೆಸುತ್ತಿದ್ದಾರೆ, ಮೇಲಿನ ಅಂತಸ್ತಿನ ಫಿಲಿಸ್ ಆಕಳಿಸುತ್ತಿದ್ದಾರೆ, ಬಲಗಡೆಯ ಫಿಲಿಸ್ ಪಕ್ಕದ ಕಡೆ ತಿರುಗಿ ‘ಯಾರಿವಳು ನನ್ನ ಟೋಪಿ ಹಾಕ್ಕೊಂಡಿರೋಳು’ ಎಂಬಂತೆ ನೋಡುತ್ತಿದ್ದಾರೆ. ಒಕ್ಕೂಟದ ಪ್ರತಿಯೊಬ್ಬ ಅಧ್ಯಕ್ಷರಿಗೂ ಈ ಫೋಟೋದ ಒಂದೊಂದು ಪ್ರತಿಯನ್ನು, ಕೊಕ್ಕುಗಳಿಗೆ ಕೆಂಪು ಸುತ್ತು ಹಾಕಿ, ನಿನ್ನೆಯೇ ಅಂಚೆಗೆ ಹಾಕಿದ್ದೇವೆ. ಪ್ರೇಕ್ಷಕರು ನಿಜವಾಗಿ ಬಂದಿದ್ದರೇ ಎಂದು ಸಭೆಯಲ್ಲಿ ಯಾರಾದರೂ ಕೇಳಿದರೆ ತಾವು ಅಂಜಬೇಕಾಗಿಲ್ಲ. ಫಿಲಿಸ್ ನಾಲ್ವರೂ ಬಂದು ಸಾಕ್ಷಿ ಹೇಳಲು ಸಿದ್ಧರಿದ್ದಾರೆ. ಬಸ್ಸಿನಲ್ಲಿ ಮಾತ್ರ ಒಂದೇ ಸೀಟು ಸಾಕಂತೆ.